ಕೆಂಪಣ್ಣನ ಟ್ರಕ್ಕಿಗೆ ಹೊಸ ಹಾರ್ನು

ವಡೋದರಾದ ಗೋರ್ವಾ ಬಡಾವಣೆಯ ಆ ಬೀದಿಯಲ್ಲಿ ಅಲಾರಂ ಇಟ್ಟು ಮಲಗುವವರು ಯಾರೂ ಇರಲಿಲ್ಲ. ಬೆಳಗಾಗುತ್ತಿದ್ದಂತೆ ಕೆಂಪಣ್ಣನ ಟ್ರಕ್ಕೇ ಎಲ್ಲರನ್ನೂ ಎಬ್ಬಿಸುತ್ತಿತ್ತು. ಸೈನ್ಯದಲ್ಲಿ ಡ್ರೈವರಾಗಿದ್ದು, ಆಮೇಲೆ ಮಕರಪುರದ ಒಂದು ಕಾರ್ಖಾನೆಯಲ್ಲಿ ಗಾಡಿಗಳ ಉಸ್ತುವಾರಿ ನೋಡಿಕೊಂಡು ನಿವೃತ್ತನಾದ ಮನುಷ್ಯ ಪೇಪರ್ ಓದಿಕೊಂಡು ತಣ್ಣಗೆ ಕೂರಬಹುದಿತ್ತು. ಕೂರಲಿಲ್ಲ. ಸೈನ್ಯದವರು ಹರಾಜಿಗೆ ಹಾಕಿದ ಹಳೇ ಟ್ರಕ್ಕೊಂದನ್ನು, ತಾನು ಓಡಿಸಿದಂಥದ್ದೇ ಅನ್ನುವ ಒಂದೇ ಕಾರಣಕ್ಕೆ ಕೊಂಡುತಂದು ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿಕೊಂಡ. ಊರಿನ ಕನ್ನಡಿಗರು ಮನೆ ಬದಲಾಯಿಸುವುದಿರಲಿ, ಕನ್ನಡ ಸಂಘದ ಗಣಪತಿ ಬಿಡುವುದಿರಲಿ, ಅದೇ ಗಾಡಿ, ಅವನೇ ಡ್ರೈವರು.

ಸೈನ್ಯದಲ್ಲಿ ಗಾಡಿ ಹೊರಡುವ ಮುಂಚೆ ಫಸ್ಟ್ ಪರೇಡ್ ಅಂತ ಒಂದು ಶಾಸ್ತ್ರವಿದೆ. ಎಣ್ಣೆ, ನೀರು, ಟೈರು, ದೀಪ, ಹಾರ್ನು ಎಲ್ಲವನ್ನೂ ಪರೀಕ್ಷಿಸಬೇಕು. ಒಂದು ಕೈಕೊಟ್ಟರೂ ಗಾಡಿ ಗೇಟು ದಾಟುವಂತಿಲ್ಲ. ಪಿಂಚಣಿ ಬಂದಮೇಲೂ ಕೆಂಪಣ್ಣ ಇದನ್ನು ಬಿಟ್ಟಿರಲಿಲ್ಲ. ಟ್ರಕ್ಕು ಎಲ್ಲಿಗೂ ಹೋಗದ ದಿನವೂ ಹಲ್ಲುಜ್ಜಿದ ಕೂಡಲೇ ಪರೇಡು. ಇತ್ತೀಚೆಗೆ ಉಳಿದದ್ದೆಲ್ಲ ಪಾಸಾಗುತ್ತಿತ್ತು, ಹಾರ್ನು ಮಾತ್ರ ಫೇಲಾಗುತ್ತಿತ್ತು.

"ಏನೇ ಇದು, ಮೇಕೆಮರಿ ಕೆಮ್ಮಿದಂಗೈತೆ," ಅನ್ನುತ್ತಿದ್ದ ಅವನು ಹೆಂಡತಿಗೆ, ಹಾರ್ನಿನ ಮೇಲೆ ಅಂಗೈ ಊರಿಕೊಂಡೇ. ಅಷ್ಟು ಹೊತ್ತಿಗೆ ಮೇಲಿನ ಮನೆಯ ಕಾಮಾಕ್ಷಿಯವರು ಕಿಟಕಿಯೆಲ್ಲ ಮುಚ್ಚಿಕೊಂಡಿರುತ್ತಿದ್ದರು.

ಹಾರ್ನಿಗೆ ಏನೂ ಆಗಿರಲಿಲ್ಲ. ಆಗಿದ್ದು ಕೆಂಪಣ್ಣನ ಕಿವಿಗೆ. ಇದು ಬೀದಿಗೆ ಗೊತ್ತಿತ್ತು, ಹಾಲಿನವನಿಗೆ ಗೊತ್ತಿತ್ತು, ಗೊತ್ತಿಲ್ಲದವನು ಅವನೊಬ್ಬನೇ. ಸೂರತ್‌ನಲ್ಲಿರುವ ಮಗಳು ಪ್ರೇರಣಾ ಒಮ್ಮೆ ಕಿವಿ ಡಾಕ್ಟರ ಹೆಸರೆತ್ತಿದ್ದಕ್ಕೆ, "ಫಿರಂಗಿ ಸದ್ದಿಗೇ ಹೆದರದ ಕಿವಿ ಇದು," ಅಂತ ಫೋನಿಟ್ಟುಬಿಟ್ಟಿದ್ದ. ಆ ಫಿರಂಗಿಗಳೇ ಕಿವಿಯನ್ನು ತಿಂದುಹಾಕಿವೆ ಅನ್ನುವುದು ಅವನ ತಲೆಗೆ ಹೊಳೆಯಲಿಲ್ಲ.

ಇದರಲ್ಲಿ ನಿಜವಾಗಿ ನವೆದವಳು ಹೆಂಡತಿ ಜಲಜಾ. ಗಂಡನನ್ನು ಊಟಕ್ಕೆ ಕರೆಯಬೇಕಾದರೂ ಕೂಗಬೇಕು, ಬೆನ್ನು ನೋವು ಅಂತ ಹೇಳಿಕೊಳ್ಳಬೇಕಾದರೂ ಕೂಗಬೇಕು. ಕೂಗಿ ಹೇಳಿದರೆ ನೋವೂ ಜಗಳದಂತೆ ಕೇಳಿಸುತ್ತದೆ. ಅವರ ಮನೆಯಲ್ಲಿ ಇವತ್ತು ಹುರುಳಿ ಸಾರು, ನಾಳೆ ಮುದ್ದೆ ಅನ್ನುವುದು ಬೀದಿಯ ಗುಜರಾತಿಗಳಿಗೂ ತಿಳಿದುಹೋಗಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆ ಮಾವ ನಾದಿನಿಯರು ತುಂಬಿದ ಮನೆಯಲ್ಲಿ ಇಬ್ಬರೂ ಪಿಸುಮಾತಲ್ಲೇ ಸಂಸಾರ ಮಾಡಿದವರು. ಈಗ ಮನೆ ತುಂಬ ಜಾಗ, ಇರುವವರು ಇಬ್ಬರೇ, ಒಂದು ಮಾತನ್ನು ಮೆತ್ತಗೆ ಆಡುವ ಭಾಗ್ಯವಿಲ್ಲ. ಜಲಜಾಗೆ ಒಡವೆ ಬೇಡವಾಗಿತ್ತು, ತೀರ್ಥಯಾತ್ರೆ ಬೇಡವಾಗಿತ್ತು. ಗಂಡನ ಜೊತೆ ಸಣ್ಣ ದನಿಯಲ್ಲಿ ಮಾತಾಡಬೇಕಿತ್ತು, ಅಷ್ಟೇ.

ರಾಜ್ಯೋತ್ಸವ ಹತ್ತಿರ ಬಂತು. ತಾಯಿ ಭುವನೇಶ್ವರಿಯ ಪಟ ಪ್ರತಿ ವರ್ಷ ಕೆಂಪಣ್ಣನ ಟ್ರಕ್ಕಿನಲ್ಲೇ ಮೆರವಣಿಗೆ ಹೋಗುವುದು. ಈ ಸಲ ಅವನು ಖಡಾಖಂಡಿತವಾಗಿ ಹೇಳಿಬಿಟ್ಟ: ಹಾರ್ನಿಲ್ಲದ ಗಾಡಿ ಗೇಟು ದಾಟೋದಿಲ್ಲ. ಸಂಘದ ಕಾರ್ಯದರ್ಶಿ, ಕಾಮಾಕ್ಷಿಯವರ ಗಂಡ ಪಟ್ಟಾಭಿರಾಮ, ಅಳುಕುತ್ತಲೇ ಕೆಳಗಿಳಿದು ಬಂದು, "ಹಾಗಿದ್ರೆ ಈ ವರ್ಷ ಒಂದು ಟೆಂಪೋ ಮಾಡೋಣ್ವಾ ಕೆಂಪಣ್ಣೋರೇ?" ಅಂದರು. ಎಷ್ಟು ಜೋರಾಗಿ ಅಂದರೆಂದರೆ ಅದು ಕೆಂಪಣ್ಣನಿಗೂ ಸರಿಯಾಗಿ ಕೇಳಿಸಿತು.

ಟೆಂಪೋ ಅನ್ನುವ ಮಾತು ಕೆಂಪಣ್ಣನ ಎದೆಗೆ ನಾಟಿತು. ಮಾರನೆಯ ದಿನವೇ ಟ್ರಕ್ಕು ಮಕರಪುರದ ದಾಮೋದರಭಾಯಿಯ ಗ್ಯಾರೇಜಿಗೆ ಹೊರಟಿತು. ರಿಪೇರಿಗೆ ಹೋಗುವ ಗಾಡಿಗೆ ಸೈನ್ಯದಲ್ಲೂ ರಿಯಾಯಿತಿ ಇದೆಯಂತೆ. ಇವನೊಬ್ಬನನ್ನೇ ಕಳಿಸಿದರೆ ಅಲ್ಲಿ ಯಾರ ಮಾತೂ ಕೇಳಿಸುವುದಿಲ್ಲವೆಂದು ಜಲಜಾ ಕೂಡ ಹತ್ತಿ ಕೂತಳು.

ಮೊದಲು ಒಂದು ದೊಡ್ಡ ಹಾರ್ನು ಹಾಕಿದ್ದಾಯಿತು. ಕೆಂಪಣ್ಣ ಊಹೂಂ ಅಂತ ತಲೆಯಾಡಿಸಿದ. ಬಸ್ಸಿನ ಹಾರ್ನು ಹಾಕಿದರು, ಅದಕ್ಕೂ ತಲೆಯಾಡಿಸಿದ. ಕೊನೆಗೆ ದಾಮೋದರಭಾಯಿ ಗೋಡೌನಿನ ಮೂಲೆಯಿಂದ ಮೂರು ಕಹಳೆಗಳ ಗಾಳಿ ಹಾರ್ನನ್ನು ಹೊತ್ತು ತಂದ. ಬ್ರೇಕಿನ ಗಾಳಿ ಟ್ಯಾಂಕಿನಿಂದ ಪೈಪು ಎಳೆದು, ಕ್ಯಾಬಿನ್ನಿನ ನೆತ್ತಿಗೆ ಕಹಳೆಗಳನ್ನು ಬಿಗಿದು, ಕೈ ಒರೆಸಿಕೊಂಡು, "ಕಾಕಾ, ಇದನ್ನ ಊರೊಳಗೆ ಬಾರಿಸಬೇಡಿ, ಪೊಲೀಸರು ಹಿಡೀತಾರೆ," ಅಂತ ಹಿಂದಿಯಲ್ಲಿ ಕೂಗಿದ.

"ಹಾರ್ನಿರೋದು ಬಾರಿಸೋಕಲ್ಲಪ್ಪ, ಇದೆ ಅನ್ನೋ ಧೈರ್ಯಕ್ಕೆ," ಅಂದ ಕೆಂಪಣ್ಣ. ಆಮೇಲೆ ಒತ್ತಿದ.

ಗ್ಯಾರೇಜಿನ ತಗಡು ಗಡಗಡ ನಡುಗಿತು. ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ನೆರಳಲ್ಲಿ ಮಲಗಿದ್ದ ನಾಯಿ ಎರಡು ಗೇಟು ದಾಟಿ ಓಡಿತು, ಎದುರಿನ ಕಾರ್ಖಾನೆಯವರು ಏನೋ ಸಿಡಿಯಿತೆಂದು ಹೊರಗೆ ಬಂದರು. ಜಲಜಾ ಎರಡೂ ಕಿವಿ ಮುಚ್ಚಿಕೊಂಡು ಕಣ್ಣನ್ನೂ ಮುಚ್ಚಿಕೊಂಡಳು.

ಕೆಂಪಣ್ಣ ಕ್ಯಾಬಿನ್ನಿನಿಂದ ಇಣುಕಿದ. "ಪರವಾಗಿಲ್ಲ. ಇದಕ್ಕಿಂತ ಸ್ವಲ್ಪ ದೊಡ್ಡದು ಐತಾ ಕೇಳೇ."

ದಾಮೋದರಭಾಯಿ ಜಲಜಾಳ ಮುಖ ನೋಡಿದ. ಅವನಿಗೂ ಅರ್ಥವಾಗಿತ್ತು. ಜಲಜಾಗೆ ಸಿಟ್ಟು ಬರಬೇಕಿತ್ತು, ಬಂದದ್ದು ಸಂಕಟ. ಅಷ್ಟು ದೊಡ್ಡ ಸದ್ದೂ ತಲುಪದ ಜಾಗದಲ್ಲಿ ತನ್ನ ಗಂಡ ಒಬ್ಬನೇ ಕೂತಿದ್ದಾನೆ ಅನ್ನಿಸಿತು. ಅವಳು ಸೆರಗು ಸಿಕ್ಕಿಸಿಕೊಂಡು ಟ್ರಕ್ಕಿನ ಮೆಟ್ಟಿಲು ಹತ್ತಿ ಅವನ ಪಕ್ಕದಲ್ಲಿ ಕೂತಳು. ಗುಟ್ಟಾಗಿ ಹೇಳಬೇಕಾದ ಮಾತನ್ನು ಇಡೀ ಮಕರಪುರಕ್ಕೆ ಕೇಳುವಂತೆ ಕೂಗಲೇಬೇಕಿತ್ತು.

"ರೀ, ಮನೇಲಿ ಫ್ಯಾನ್ ತಿರುಗದಿದ್ರೆ ನೀವು ಏನ್ ಮಾಡ್ತೀರಿ?"

"ಸ್ವಿಚ್ ಬದಲಾಯಿಸ್ತೀನಿ."

"ಆಮೇಲೂ ತಿರುಗದಿದ್ರೆ?"

"ದೋಷ ಸ್ವಿಚ್ಚಲ್ಲಿಲ್ಲ ಅಂತ. ಹೊಸ ಸಾಮಾನು ಹಾಕಿದ ಮೇಲೂ ದೋಷ ಹಂಗೇ ಇದ್ರೆ, ಮುಂದಿನ ಭಾಗ ನೋಡ್ಬೇಕು. ಸೈನ್ಯದ ವರ್ಕ್‌ಶಾಪಲ್ಲಿ ಮೊದಲನೇ ದಿನ ಕಲಿಸೋದೇ ಇದನ್ನ." ಹೇಳುತ್ತ ಹೇಳುತ್ತ ಅವನ ದನಿಗೆ ಠೀವಿ ಬಂತು.

"ಹಾರ್ನು ಮೂರು ಸಲ ಬದಲಾಯಿಸಿದ್ರಿ," ಅಂದಳು ಜಲಜಾ. "ಈಗ ಮುಂದಿನ ಭಾಗ ಯಾವ್ದು, ನೀವೇ ಹೇಳಿ."

ಕೆಂಪಣ್ಣ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಹೊರಗೆ ಕಣ್ಣು ಹಾಯಿಸಿದ. ಓಡಿಹೋದ ನಾಯಿ ಇನ್ನೂ ಗೇಟಿನಾಚೆ ನಿಂತು ಇತ್ತಲೇ ನೋಡುತ್ತಿತ್ತು. ಎದುರಿನ ಕಾರ್ಖಾನೆಯವರು ಇನ್ನೂ ಒಳಗೆ ಹೋಗಿರಲಿಲ್ಲ. ಅವರನ್ನೆಲ್ಲ ಅವನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಹೆಂಡತಿಯ ಕತ್ತಿನ ನರಗಳು ಉಬ್ಬಿರುವುದನ್ನು ನೋಡಿದ. ಬೇರೆ ಯಾರು ಏನೇ ಹೇಳಿದ್ದರೂ ಅವನು ಒಪ್ಪುತ್ತಿರಲಿಲ್ಲ, ಆದರೆ ಸೈನ್ಯದ ಪಾಠವನ್ನು ಸುಳ್ಳು ಅನ್ನಲು ಬಾಯಿ ಬರಲಿಲ್ಲ.

"ಡ್ರೈವರು," ಅಂದ ಕೊನೆಗೆ. "ದೋಷ ಡ್ರೈವರಲ್ಲೈತೆ." ಆಮೇಲೆ ಸಣ್ಣಗೆ ನಕ್ಕು, "ಹೋಗಾನ ನಡಿ ಆಸ್ಪತ್ರೆಗೆ. ದೋಷ ಇರೋ ಡ್ರೈವರೂ ಗೇಟು ದಾಟಂಗಿಲ್ಲ," ಅಂದ. ದಾಮೋದರಭಾಯಿ ಅವರಿಬ್ಬರಿಗೂ ಚಹಾ ತರಿಸಿದ.

ಹೀಗೆ ಎರಡು ಕಿವಿಗೂ ಮಷೀನು ಬಂತು. ರಾಜ್ಯೋತ್ಸವದ ಬೆಳಿಗ್ಗೆ ಹಳದಿ ಕೆಂಪು ಬಾವುಟ ಕಟ್ಟಿದ ಟ್ರಕ್ಕಿಗೆ ಫಸ್ಟ್ ಪರೇಡು ನಡೆಯಿತು. ಎಣ್ಣೆ ಸರಿ, ನೀರು ಸರಿ, ಟೈರು ಸರಿ, ದೀಪ ಸರಿ. ಹಾರ್ನು ಒತ್ತಿದ ಕೆಂಪಣ್ಣ ಸೀಟಿನಿಂದ ಮೇಲಕ್ಕೆ ಹಾರಿ, ತಲೆ ಛಾವಣಿಗೆ ಬಡಿದು, ಬಾಗಿಲು ತೆಗೆದು ಕೆಳಗಿಳಿದೇಬಿಟ್ಟ. "ಇಂಥಾ ದರಿದ್ರ ಹಾರ್ನನ್ನ ಯಾವನ್ರೀ ಹಾಕಿಸಿದ್ದು?" ಅಂತ ಪಟ್ಟಾಭಿರಾಮರನ್ನೇ ಕೇಳಿದ. ಸಂಘದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ತಲೆ ಉಜ್ಜಿಕೊಳ್ಳುತ್ತ ನಕ್ಕ. ಭುವನೇಶ್ವರಿ ಆ ವರ್ಷ ಹಾರ್ನಿನ ಗೊಡವೆಯೇ ಇಲ್ಲದೆ, ಬರೀ ಡೊಳ್ಳಿನ ಸದ್ದಿನಲ್ಲಿ ಗೋರ್ವಾ ಸುತ್ತಿ ಬಂದಳು.

ಮರುದಿನ ಬೆಳಿಗ್ಗೆ ಜಲಜಾ ಒಲೆಯ ಮುಂದೆ ನಿಂತಿದ್ದಳು. ಕೆಂಪಣ್ಣ ಪಡಸಾಲೆಯಲ್ಲಿ ಆ ಕಡೆ ತಿರುಗಿ ಪೇಪರ್ ಓದುತ್ತಿದ್ದ. ವರ್ಷಗಟ್ಟಲೆ ಯಾರೂ ಕೇಳಿಸಿಕೊಳ್ಳದ ಮನೆಯಲ್ಲಿ ಅವಳಿಗೆ ತನ್ನಷ್ಟಕ್ಕೆ ಗೊಣಗಿಕೊಳ್ಳುವುದು ಅಭ್ಯಾಸವಾಗಿಹೋಗಿತ್ತು. "ಈ ಇಕ್ಕಳ ಎಲ್ಲಿಟ್ಟೆನೋ ಏನೋ," ಅಂದುಕೊಂಡಳು, ತುಟಿಯಲ್ಲೇ.

"ಹಾಲಿನ ಪಾತ್ರೆ ಹಿಂದೆ ನೋಡು," ಅಂತು ಪಡಸಾಲೆ.

ಇಕ್ಕಳ ಅಲ್ಲೇ ಇತ್ತು. ಜಲಜಾ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು. ಒಲೆ ಆರಿಸಿ, ಎರಡು ಲೋಟ ಕಾಫಿ ಹಿಡಿದು, ಹೋಗಿ ಗಂಡನ ಪಕ್ಕ ಕೂತಳು. ಅವನು ಪೇಪರ್ ಮಡಿಸಿಟ್ಟ. ಇಬ್ಬರೂ ತುಂಬ ಹೊತ್ತು ಮಾತಾಡಿದರು, ನಡುನಡುವೆ ನಕ್ಕರು. ಮೇಲಿನ ಮನೆಯ ಕಾಮಾಕ್ಷಿಯವರು ಕಿಟಕಿ ತೆರೆದು, ಬಗ್ಗಿ, ಕಿವಿಗೊಟ್ಟು ನಿಂತರು. ಆ ದಿನ ಕೆಂಪಣ್ಣನ ಮನೆಯಲ್ಲಿ ಏನು ಮಾತಾಯಿತು ಅಂತ ಇಡೀ ಗೋರ್ವಾದಲ್ಲಿ ಯಾರಿಗೂ ಗೊತ್ತಾಗಲಿಲ್ಲ.