ತಾಳದ ತಂತಿ

ಪಾಂಡವಪುರದ ಕಲ್ಯಾಣ ಮಂಟಪದಲ್ಲಿ ಮಕ್ಕಳ ಸಂಗೀತ ಸ್ಪರ್ಧೆ ಎಂದು ತಿಳಿದಾಗ ಇಂದಿರಮ್ಮ ಹೆಚ್ಚು ಯೋಚಿಸಲಿಲ್ಲ. ವಾದ್ಯ ವಿಭಾಗಕ್ಕೆ ತನುಶ್ರೀಯ ಹೆಸರು ಕೊಟ್ಟುಬಿಟ್ಟರು. ಶ್ರೀರಂಗಪಟ್ಟಣದಲ್ಲಿ ಒಂದು ಕಾಲಕ್ಕೆ ಮನೆ ತುಂಬ ಮಕ್ಕಳಿಗೆ ವೀಣೆ ಕಲಿಸಿದ್ದ ಅವರ ಬಳಿ ಈಗ ಉಳಿದಿದ್ದವರು ನಾಲ್ಕೈದು ಜನ. ಅವರಲ್ಲಿ ಅರಕೆರೆಯಿಂದ ಬಸ್ಸು ಹತ್ತಿ ಬರುತ್ತಿದ್ದ ಈ ಹುಡುಗಿಯ ಕೈಯೇ ಬೇರೆ. ಇನ್ನೂ ಒಂಬತ್ತನೇ ಕ್ಲಾಸು. ಮನೆಯಲ್ಲಿ ಹಸು, ಕಬ್ಬು, ಭತ್ತ; ಸಂಗೀತದ ಗಾಳಿ ಸೋಕಿದವರು ಯಾರೂ ಇಲ್ಲ. ಆದರೂ ಈ ವಾರ ತೋರಿಸಿದ ಗಮಕ ಮುಂದಿನ ವಾರಕ್ಕೆ ಅವಳ ಬೆರಳಲ್ಲಿ ಕೂತಿರುತ್ತಿತ್ತು.

ಸ್ಪರ್ಧೆಯ ದಿನ ತನುಶ್ರೀಯ ಅಪ್ಪ ಲೋಕೇಶ್ ಯಾರದೋ ಓಮ್ನಿ ತಂದ. ವೀಣೆಯನ್ನು ಜಮಖಾನದಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು.

"ಮೆಲ್ಲಗೆ ಓಡ್ಸಪ್ಪ" ಎಂದರು ಇಂದಿರಮ್ಮ.

"ಎಳೆ ಮಗಿನಂಗೆ ಕರ್ಕೊಂಡೋಯ್ತೀನಿ ಬುಡಿ ಅಮ್ಮಾರೆ" ಎಂದ ಲೋಕೇಶ್.

ಮಂಟಪದ ಪಕ್ಕದ ಕೋಣೆಯಲ್ಲಿ ಪಿಟೀಲು, ಕೊಳಲು, ವೀಣೆ ಎಲ್ಲವೂ ಒಟ್ಟಿಗೇ ಸದ್ದು ಮಾಡುತ್ತಿದ್ದವು. ಇಂದಿರಮ್ಮ ಶ್ರುತಿ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಇಟ್ಟುಕೊಂಡು ಮೇಲಿನ ನಾಲ್ಕು ತಂತಿಗಳನ್ನು ಶ್ರುತಿ ಮಾಡಿದರು. ಆಮೇಲೆ ಪಕ್ಕದ ಮೂರು ತಾಳದ ತಂತಿಗಳನ್ನು. ಕಿರುಬೆರಳಿನಿಂದ ಮೀಟಿ ತಾಳ ತೋರಿಸುವ ತಂತಿಗಳು ಅವು. ತೆಳು, ಸ್ವರವೂ ಎತ್ತರ.

"ಮಿಸ್, ತಾಳದ ತಂತಿ ಒಂಚೂರು..." ಎಂದಳು ತನುಶ್ರೀ, ಮೆಲ್ಲಗೆ.

"ಸರಿಯಾಗೇ ಇದೆ. ಮುಟ್ಟಬೇಡ. ಸುಮ್ನೆ ಗಾಬರಿ ಮಾಡ್ಕೋತೀಯ."

ಪಕ್ಕದಲ್ಲಿದ್ದ ಇನ್ನೊಬ್ಬ ಮೇಷ್ಟ್ರು ಇತ್ತ ತಿರುಗಿ ನೋಡಿದರು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

ವೇದಿಕೆಯ ಮೇಲೆ ಅವಳು ಕಲ್ಯಾಣಿ ರಾಗದ ಒಂದು ಕೃತಿ ನುಡಿಸಿದಳು. ಎಡಗೈ ವೀಣೆಯ ಮೆಟ್ಟಿಲುಗಳ ಮೇಲೆ ನೀರಿನಂತೆ ಹರಿಯಿತು. ಆದರೆ ಬಲಗೈಯ ಕಿರುಬೆರಳು ಮೇಲೆದ್ದೇ ಇತ್ತು. ಮೊದಲಿನಿಂದ ಕೊನೆಯವರೆಗೆ ಅದು ತಾಳದ ತಂತಿಯನ್ನು ಒಮ್ಮೆಯೂ ಸೋಕಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಇಂದಿರಮ್ಮ ಕಣ್ಸನ್ನೆ ಮಾಡಿದರು, ತೊಡೆ ತಟ್ಟಿ ತೋರಿಸಿದರು. ಅವಳು ತಲೆ ಎತ್ತಲಿಲ್ಲ.

"ಭಾವ ಚೆನ್ನಾಗಿದೆ. ಆದರೆ ತಾಳದ ತಂತಿ ಮೀಟದೆ ವೀಣೆ ನುಡಿಸುವ ಹಾಗಿಲ್ಲ" ಎಂದು ತೀರ್ಪುಗಾರರು ಮೈಕಿನಲ್ಲೇ ಹೇಳಿದರು. ಬಹುಮಾನ ನಾಗಮಂಗಲದ ಕೊಳಲಿನ ಹುಡುಗನಿಗೆ ಹೋಯಿತು.

ವಾಪಸು ಬರುವಾಗ ದಾರಿಯುದ್ದಕ್ಕೂ ಇಂದಿರಮ್ಮ ಬೈದರು. "ಈಗ ತಾನೇ ಪಾಠಕ್ಕೆ ಕೂತ ಮಕ್ಕಳೂ ಕಿರುಬೆರಳು ಆಡಿಸ್ತವೆ. ಅಷ್ಟು ಜನರ ಮುಂದೆ ನನ್ನ ಮಾನ ಕಳೆದೆ ಕಣೆ."

"ತಪ್ಪಾಯ್ತು ಅನ್ನವ್ವ ಮಿಸ್ಗೆ" ಎಂದ ಲೋಕೇಶ್.

"ತಪ್ಪಾಯ್ತು ಮಿಸ್" ಎಂದಳು ತನುಶ್ರೀ.

ಮುಂದಿನ ಭಾನುವಾರ ಇಂದಿರಮ್ಮ ತಾವೇ ಶ್ರುತಿ ಮಾಡಿ ವೀಣೆಯನ್ನು ಅವಳ ಮುಂದಿಟ್ಟರು. "ಇವತ್ತು ತಾಳದ ತಂತಿ ಒಂದೇ ಪಾಠ. ಮೀಟು."

ಹುಡುಗಿ ಹಿಂದೆಮುಂದೆ ನೋಡಿದಳು. ಮತ್ತೆ ಗದರಿದ ಮೇಲೆ ಮೀಟಿದಳು. ಜಗುಲಿಯಲ್ಲಿ ಪೇಪರು ಓದುತ್ತಿದ್ದ ಗಂಡ ದೊರೆಸ್ವಾಮಿ ಎದ್ದು ಒಳಗೆ ಬಂದರು. ಅವರಿಗೆ ಸಂಗೀತ ಬಾರದು. ಆದರೆ ಮದುವೆಯಾದಂದಿನಿಂದ ವೀಣೆ ಕೇಳುತ್ತ ಬಂದವರು.

"ಏನೇ ಇದು, ಇಷ್ಟು ಅಪಸ್ವರ? ಶ್ರುತಿ ಮಾಡ್ಲಿಲ್ವೆ?"

"ಈಗ ತಾನೇ ಮಾಡಿದೀನಲ್ಲ."

ದೊರೆಸ್ವಾಮಿ ಹುಡುಗಿಯ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ಇಂದಿರಮ್ಮ ಇಬ್ಬರನ್ನೂ ನೋಡಿದರು.

"ನೀನು ಮಾಡು" ಎಂದರು ತನುಶ್ರೀಗೆ.

ಅವಳು ಬಿರಡೆ ತಿರುಗಿಸಿದಳು, ಮೀಟಿದಳು, ಮತ್ತೆ ತಿರುಗಿಸಿದಳು. ಇಂದಿರಮ್ಮನಿಗೆ ಮೊದಲಿನ ನಾದಕ್ಕೂ ಈಗಿನದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಹುಡುಗಿಯ ಹುಬ್ಬಿನ ಗಂಟು ಸಡಿಲವಾದದ್ದನ್ನು ಕಂಡು, ಶ್ರುತಿ ಕೂಡಿತು ಎಂದುಕೊಂಡರು.

"ಅವತ್ತೇ ಗೊತ್ತಾಗಿತ್ತಾ?"

"ಹೂಂ ಮಿಸ್."

"ವೇದಿಕೆ ಮೇಲೆ ನೀನೇ ಸರಿ ಮಾಡ್ಕೋಬಹುದಿತ್ತಲ್ಲ."

"ಎಲ್ರೂ ನೋಡ್ತಿದ್ರು ಮಿಸ್. ನೀವು ಮಾಡಿದ್ದನ್ನ ನಾನು ತಿರುಗಿ ಮಾಡಿದ್ರೆ..." ಅವಳು ಅಲ್ಲಿಗೇ ನಿಲ್ಲಿಸಿದಳು.

"ಗಾಡೀಲಿ ಅಷ್ಟು ಬೈದೆನಲ್ಲ. ಆಗಲಾದ್ರೂ ಬಾಯಿ ಬಿಡಬಾರದಾಗಿತ್ತೆ?"

ಅಂದು ಪಾಠ ಮುಂದುವರಿಯಲಿಲ್ಲ.

ಮೈಸೂರಿನ ಕಿವಿಯ ಡಾಕ್ಟರು ಎರಡೂ ಕಡೆ ಪರೀಕ್ಷೆ ಮಾಡಿದರು. ಎತ್ತರದ ಸ್ವರ ಕೇಳುವ ಶಕ್ತಿ ಎರಡೂ ಕಿವಿಯಲ್ಲಿ ಕುಂದಿತ್ತು. ಮಾತು ಕೇಳಿಸಿಕೊಳ್ಳಲು ಮಿಷನ್ನು ಹಾಕಿಕೊಳ್ಳಬಹುದು, ಸಂಗೀತದ ವಿಷಯ ಮಾತ್ರ ಹೇಳಲಾರೆ ಎಂದರು. ಇಂದಿರಮ್ಮ ಒಬ್ಬೊಬ್ಬರ ಮನೆಗೂ ಫೋನು ಮಾಡಿಸಿ ಪಾಠ ನಿಲ್ಲಿಸಿದರು. ತನುಶ್ರೀಗೆ ಮಾತ್ರ ಮೈಸೂರಿನಲ್ಲಿ ಒಬ್ಬ ಟೀಚರನ್ನು ಗೊತ್ತು ಮಾಡಿದರು.

ಸುದ್ದಿ ತಿಳಿದು ಲೋಕೇಶ್ ಓಡಿಬಂದ. "ನೀವೇ ಯೇಳ್ಕೊಡಿ ಅಮ್ಮಾರೆ. ಬ್ಯಾರೆ ಕಡೆ ಓಗಾಕಿಲ್ಲ ಅಂತ ಊಟ ಬುಟ್ಟು ಕುಂತವ್ಳೆ."

"ಇಲ್ಲಪ್ಪ. ಅವಳು ತಪ್ಪು ನುಡಿಸಿದ್ರೂ ನಾನು ಭೇಷ್ ಅಂದುಬಿಡ್ತೀನಿ. ಅವಳ ಕೈ ಕೆಟ್ಟುಹೋಗುತ್ತೆ."

ಲೋಕೇಶ್ ಚಪ್ಪಲಿ ಮೆಟ್ಟಿಕೊಂಡು ಹೋದ.

ಮೈಸೂರಿಗೆ ಹೋಗುವ ಮುನ್ನ ತನುಶ್ರೀ ಬಂದು ಕಾಲಿಗೆ ಬಿದ್ದಳು. ಇಂದಿರಮ್ಮ ಅವಳ ತಲೆ ಸವರಿ, ಹೂ ಮುಡಿಸಿ ಕಳಿಸಿದರು. ಗೇಟಿನ ಹತ್ತಿರ ಹೋದವಳು ತಿರುಗಿ ನಿಂತು ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಏನು ಅಂದೆ ಎಂದು ಕೇಳಲು ಮನಸ್ಸು ಬರಲಿಲ್ಲ. ಎಲ್ಲ ಕೇಳಿಸಿತು ಎನ್ನುವಂತೆ ತಲೆಯಾಡಿಸಿ, ಬಾಗಿಲಲ್ಲೇ ನಿಂತರು.