ಇಪ್ಪತ್ತೊಂದನೆಯದು

ಮುದುಕನಿಗೆ ಮರೆವು ಅಂತ ಈ ಗ್ರೂಪಿನಲ್ಲಿ ನಗುತ್ತೀರಿ, ನಗಿ, ನಿಮಗೆ ನಿನ್ನೆ ಏನು ಉಂಡಿರಿ ಅನ್ನುವುದೇ ನೆನಪಿಲ್ಲ, ನನಗೆ ಎಪ್ಪತ್ನಾಲ್ಕರ ಆ ಬೇಸಿಗೆ, ಚಪಳಗಾಂವದ ಆ ಪಡಸಾಲೆ, ಬಶಿಯಲ್ಲಿ ಆರುತ್ತಿದ್ದ ಚಹಾ, ಎಲ್ಲ ಇಲ್ಲೇ ಇದೆ — ಹೆಣ್ಣು ನೋಡಲು ಹೋಗಿದ್ದೆ, ಹುಡುಗಿ ನೀಲಗಂಗಾ, ಅಕ್ಕಲಕೋಟದ ಸಂತೆಯಲ್ಲಿ ಒಮ್ಮೆ ಕಂಡಿದ್ದಳು, ಅವತ್ತಿನಿಂದ ನನಗೆ ಅವಳೇ ಬೇಕಿತ್ತು, ಅವಳಿಗೋ ಇಂಗ್ಲಿಷ್ ಬರುವ ಗಂಡು ಬೇಕು, ಆ ಸುದ್ದಿ ಕೇಳಿದ್ದೇ ನಮ್ಮ ಕಾಕಾ ಮಲಕಾಜಪ್ಪ ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಾರುವ ಇಂಗ್ಲಿಷ್ ನುಡಿಗಟ್ಟಿನ ಗೈಡು ತಂದ, ತನ್ನ ಚಾದರದ ಅಂಗಡಿಯಲ್ಲಿ ಪಾವಕಿ ನಿಮಕಿ, ಕಾಲು ಅರೆಯ ಮಗ್ಗಿ, ಹೇಗೆ ಹೇಳಿಸುತ್ತಿದ್ದನೋ ಹಾಗೆಯೇ ಇದನ್ನೂ ರಾಗ ಹಚ್ಚಿ ಹೇಳಿಸಿದ, ತೋರುಬೆರಳಿನಿಂದ ಹಿಡಿದು ಬೆರಳಿಗೆ ಮೂರು ಗೆಣ್ಣು, ಒಂದೊಂದರ ಮೇಲೆ ಹೆಬ್ಬೆರಳಿಟ್ಟು, ಒಂದು ಬ್ರೇಕ್ ದ ಐಸ್, ಮೊದಲ ಮಾತಾಡಿ ಸಂಕೋಚ ಮುರಿ, ಎರಡು ಪೀಸ್ ಆಫ್ ಕೇಕ್, ಬಲು ಸಲೀಸು, ಹೀಗೆ ನಲವತ್ತು, ಸಲೀಸಂತೆ, ಯಾರಿಗೆ, ಹತ್ತನೆಯದು ಬೇಕೆಂದರೆ ಒಂದರಿಂದ ಹೊರಡಬೇಕು, ನಡುವಿನಿಂದ ಹಿಡಿದರೆ ಒಂದೂ ಬಾರದು — ಅವತ್ತು ಪಡಸಾಲೆಯಲ್ಲಿ ನೀಲಗಂಗಾ ತಲೆ ಎತ್ತಿ ಕೇಳಿಯೇ ಬಿಟ್ಟಳು, ಭಾಳ ಅಪರೂಪಕ್ಕ ಅನ್ನಾಕ ಇಂಗ್ಲಿಷಿನ್ಯಾಗ ಏನಂತಾರ್ರಿ, ಅವಳಪ್ಪ ಗೊಲ್ಲಾಳಪ್ಪ ಹೇಳ್ರಿ ಹೇಳ್ರಿ ಅಂದರು, ಗೊತ್ತಿತ್ತು ನನಗೆ, ಅದು ಇಪ್ಪತ್ತೊಂದನೆಯದು, ಆದರೆ ಹಾಳು ನಾಲಿಗೆ ಒಂದರಿಂದಲೇ ಹೊರಟಿತು, ಹನ್ನೆರಡಕ್ಕೆ ನಾಲ್ಕೂ ಬೆರಳು ಮುಗಿದು ಮತ್ತೆ ತೋರುಬೆರಳು, ಒಳಗೆ ಹೆಂಗಸರು ಕಿಸಕ್ಕೆಂದರು, ಇಂವಾ ಭಜನಿ ಹಚ್ಯಾನೇನವಾ ಅಂತ ಒಬ್ಬಳು ಅಂದಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತಕ್ಕೆ ಪಕ್ಕದಲ್ಲಿ ಕೂತಿದ್ದ ಕಾಕಾನಿಗೆ ನಾಚಿಕೆ ತಡೆಯಲಿಲ್ಲ, ಸಾಕ್ ಬಿಡೋ, ಬಸ್ಸಿಗೆ ಹೊತ್ತಾತು, ಏಳು — ಕಲಿಸಿದವನೇ ಬಾಯಿ ಮುಚ್ಚಿಸಿದ, ಎಳೆ ಕಡಿಯಿತು, ಮತ್ತೆ ಒಂದರಿಂದ ಹಿಡಿಯೋಣವೆಂದರೆ ಅವನು ಆಗಲೇ ಟೊಪ್ಪಿಗೆ ಹಾಕಿಕೊಂಡು ಅಂಗಳಕ್ಕಿಳಿದಿದ್ದ, ಆ ಸಂಬಂಧ ಅಲ್ಲಿಗೇ ಮುರಿಯಿತು, ಅಕ್ಕಲಕೋಟದವರೆಗೂ ಬಸ್ಸಿನಲ್ಲಿ ನನ್ನನ್ನೇ ಬೈದ, ಪಡಸಾಲೆಯಿಂದ ಏಳುವಾಗ ನನಗೆ ಅವಳ ಕೈ ಕಂಡಿತ್ತು, ಸೆರಗಿನ ಅಂಚಿನಡಿ ಅವಳ ಹೆಬ್ಬೆರಳೂ ಗೆಣ್ಣಿನ ಮೇಲೆ, ಅದೇ ಗೈಡು ಓದಿದ್ದಳು ಹುಡುಗಿ, ನನ್ನ ಜೊತೆಗೇ ಒಂದರಿಂದ ಎಣಿಸುತ್ತ ಬಂದಿದ್ದಳು, ಚಪಳಗಾಂವದ ಕಡೆಯವರು ಯಾರಾದರೂ ಇದ್ದರೆ ಈ ವಾಯ್ಸ್ ಮೆಸೇಜನ್ನು ಮುಂದೆ ಕಳಿಸಿರಪ್ಪ, ಇಪ್ಪತ್ತೊಂದು, ಒನ್ಸ್ ಇನ್ ಎ ಬ್ಲೂ ಮೂನ್, ಭಾಳ ಅಪರೂಪಕ್ಕ, ಅವಳಿಗೆ ಗೊತ್ತಿದ್ದದ್ದೇ, ಇರಲಿ, ನನ್ನ ಬಾಯಿಂದ ಕೇಳಲಿ — ನಾನು ಇಪ್ಪತ್ತಕ್ಕೆ ನಿಂತಿದ್ದೆ, ಅವಳ ಹೆಬ್ಬೆರಳು ಒಂದು ಗೆಣ್ಣು ಮುಂದೆ ಹೋಗಿ, ಉಂಗುರ ಬೆರಳಿನ ಕೊನೆಯ ಗೆಣ್ಣಿನ ಮೇಲೆ, ಕಾಯುತ್ತ