ಜೂಡಿತ್ ಓದದೆ ಬಿಟ್ಟ ಪುಟ

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕೊಲ್ಲಿ ನಾಡಿನ ಅಲ್ ಮುರಕ್ಕಬಾತ್ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಹಾಸಿಗೆ, ಸೋಫಾ, ಸೂಟ್‌ಕೇಸುಗಳೆಲ್ಲ ಅಂಗಾತ ಬಿದ್ದಿದ್ದವು. ಜೂಡಿತಳ ಪಾಸ್‌ಪೋರ್ಟ್ ಕಾಣೆಯಾಗಿತ್ತು. ಮರುದಿನ ಮಧ್ಯಾಹ್ನ ಅವಳ ವಿಮಾನ.

ಝುಬೈರ್, ಸುಮೀನಾ ದಂಪತಿಯ ಆ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಜೂಡಿತ್ ಬಾಡಿಗೆಗಿದ್ದಳು. ಅವರ ಮಗಳು ಅಸೀಲಾ ಹುಟ್ಟಿದ ವರ್ಷ ಬಂದವಳು. ಈಗ ಅಸೀಲಾಗೆ ಆರು. ಜೂಡಿತ್‌ಗೆ ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ. ಗಂಡ ತೀರಿಕೊಂಡ ಮೇಲೆ ಮಗ ಡ್ಯಾನಿಯಲ್‌ನನ್ನು ತನ್ನೂರು ಕಿನ್ನಿಗೋಳಿಯಲ್ಲಿ ಅಕ್ಕನ ಬಳಿ ಬಿಟ್ಟು ಬಂದಿದ್ದಳು. ಈಗ ಐರ್ಲೆಂಡಿನ ಆಸ್ಪತ್ರೆಯೊಂದು ಕರೆದಿತ್ತು. ಅಲ್ಲಿಗೆ ಮಗನನ್ನೂ ಕರೆಸಿಕೊಳ್ಳಬಹುದಿತ್ತು.

"ಕ್ಲಿನಿಕ್ಕಲ್ಲಿ ಬಿಟ್ಟು ಬಂದ್ರಾ ಅಕ್ಕ?" ಸುಮೀನಾಳ ದನಿ ಮಂಚದಡಿಯಿಂದ ಬಂತು.

"ನಿನ್ನೆ ಸಂಜೆ ಈ ಮೇಜಿನ ಮೇಲೇ ಇತ್ತು ಮಾರಾಯ್ತಿ."

"ಹಾಗಾದ್ರೆ ಅದು ನಿಮಗಿಂತ ಮೊದಲು ಏರ್‌ಪೋರ್ಟಿಗೆ ಹೋಯ್ತು," ಎಂದ ಝುಬೈರ್, ಸೋಫಾದ ಹೊಟ್ಟೆಯೊಳಗೆ ಮೊಬೈಲ್ ಟಾರ್ಚ್ ಬಿಡುತ್ತಾ.

ಎಲ್ಲರೂ ಮಂಡಿಯೂರಿ ತೆವಳುತ್ತಿದ್ದ ಆ ಮನೆಯಲ್ಲಿ ನೆಟ್ಟಗೆ ಕುಳಿತಿದ್ದವಳು ಅಸೀಲಾ ಒಬ್ಬಳೇ. ತೊಡೆಯ ಮೇಲೆ ಐರಿಶ್ ಜನಪದ ಕತೆಗಳ ಮಕ್ಕಳ ಪುಸ್ತಕ. ಐರ್ಲೆಂಡಿನ ನರ್ಸಿಂಗ್ ಪರೀಕ್ಷೆಗೆ ಓದಿದ ದಪ್ಪ ಪುಸ್ತಕಗಳಲ್ಲಿ ಆ ದೇಶದವರ ರಕ್ತದೊತ್ತಡ ಮಾತ್ರ ಇದ್ದುದರಿಂದ ಜೂಡಿತ್ ಇದನ್ನು ಹಳೇ ಪುಸ್ತಕದ ಅಂಗಡಿಯಿಂದ ತಂದಿದ್ದಳು. ಓದಲು ಬಾರದ ಅಸೀಲಾಗೆ ಸಂಜೆ ಹೊತ್ತು ಕನ್ನಡದಲ್ಲಿ ಹೇಳುತ್ತಿದ್ದಳು.

ಅಸೀಲಾ ತೆರೆದಿಟ್ಟುಕೊಂಡಿದ್ದ ಪುಟದ ಚಿತ್ರವನ್ನು ಜೂಡಿತ್ ಈಗ ನಿಧಾನವಾಗಿ ನೋಡಿದಳು. ಮೀನುಗಾರ ಸೀಲ್ ಪ್ರಾಣಿಯ ತೊಗಲನ್ನು ಬಗಲಲ್ಲಿಟ್ಟುಕೊಂಡು ಓಡುತ್ತಿದ್ದ. ಸಮುದ್ರದಲ್ಲಿ ಸೀಲ್ ಆಗಿರುವ ಹೆಂಗಸು ದಡದಲ್ಲಿ ತೊಗಲು ಕಳಚಿಟ್ಟರೆ ಮನುಷ್ಯಳು. ತೊಗಲು ಸಿಗದಿದ್ದರೆ, ಸಿಕ್ಕರೂ ಒಣಗಿಹೋಗಿದ್ದರೆ, ಮರಳಿ ಹೋಗುವಂತಿಲ್ಲ. ಬಚ್ಚಿಟ್ಟವನ ಮನೆಯಲ್ಲೇ ಉಳಿಯಬೇಕು. ಜೂಡಿತ್ ಪ್ರತಿ ಸಲ ಇಲ್ಲಿಗೇ ನಿಲ್ಲಿಸಿ, ಎಲ್ಲರೂ ಸುಖವಾಗಿದ್ದರು ಎಂದು ಪುಸ್ತಕ ಮುಚ್ಚುತ್ತಿದ್ದಳು. ಮಗುವಿಗೆ ದುಃಖ ಬೇಡವೆಂದು ಕತೆ ಕತ್ತರಿಸಿದರೆ ಕಳ್ಳನೇ ಗೆಲ್ಲುತ್ತಾನೆ ಎಂಬುದು ಅವಳಿಗೆ ಹೊಳೆದದ್ದು ಈಗ.

ಪಕ್ಕದಲ್ಲಿ ಕುಳಿತಳು. "ಅಸೀ, ಈ ಕತೆ ಮುಗೀಲಿಲ್ಲ."

"ಮುಗಿದಿದೆ ಆಂಟಿ. ಎವ್ರಿಬಡಿ ಹ್ಯಾಪಿ. ನೀವೇ ಹೇಳಿದ್ದು."

"ಒಂದು ಪುಟ ನಾನು ಬಿಟ್ಟಿದ್ದೆ."

"ವೈ?"

"ನಂಗೇ ಹೆದರಿಕೆ ಆಯ್ತು."

ಜೂಡಿತ್ ಪುಟ ತಿರುಗಿಸಿದಳು. ಆ ಹೆಂಗಸು ಮೀನುಗಾರನ ಮನೆಯಲ್ಲಿ ರೊಟ್ಟಿ ಸುಡುತ್ತಿದ್ದಳು, ಅಲ್ಲಿಯ ಪುಟ್ಟ ಹುಡುಗಿಯ ತಲೆ ಬಾಚುತ್ತಿದ್ದಳು. ಆ ಹುಡುಗಿ ಎಂದರೆ ಅವಳಿಗೆ ಪ್ರಾಣ. ಆದರೂ ಸಂಜೆಯಾದರೆ ನೀರನ್ನೇ ನೋಡುತ್ತಾ ನಿಲ್ಲುತ್ತಿದ್ದಳು.

"ನೀರಲ್ಲಿ ಏನಿತ್ತು?"

"ಅವಳ ಇನ್ನೊಂದು ಮಗು. ಸೀಲ್ ಮರಿ."

"ಬಿಗ್ ಆರ್ ಸ್ಮಾಲ್?"

"ನಿನಗಿಂತ ಎರಡು ವರ್ಷ ದೊಡ್ಡದು."

ಅಸೀಲಾ ಲೆಕ್ಕ ಹಾಕಿದಳು. "ಡ್ಯಾನಿಯಲ್ ಥರ."

"ಹೌದು. ಡ್ಯಾನಿಯಲ್ ಥರ."

"ಆ ಮರಿಗೆ ತಲೆ ಬಾಚೋದು ಯಾರು?"

"ಅದರ ದೊಡ್ಡಮ್ಮ. ಆದ್ರೆ ಅದು ಅಮ್ಮ ಬರ್ಲಿ ಅಂತ ಕಾಯ್ತಾ ಉಂಟು."

ಸೀಲ್‌ಗಳಿಗೆ ತಲೆ ಬಾಚುವ ಕಷ್ಟವಿಲ್ಲ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಅಸೀಲಾ ಎದ್ದು ಅಡುಗೆಮನೆಗೆ ಹೋದಳು. ಫ್ರಿಜ್ಜಿನ ಕೆಳಗಿನ ಡ್ರಾಯರ್ ಎಳೆದ ಸದ್ದು. ಹಿಂದಿರುಗಿದಾಗ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಹಿಮದ ಪುಡಿ, ಸುತ್ತ ಅಂಜಲ್ ಮೀನಿನ ವಾಸನೆ. ಒಳಗೆ ಪಾಸ್‌ಪೋರ್ಟ್.

"ಫ್ರೀಜರಲ್ಲಿ ಇಟ್ಟದ್ದಾ?"

"ಒಣಗಿದ್ರೆ ಆಮೇಲೆ ನಿಮಗೆ ಹಾಕ್ಲಿಕ್ಕೆ ಆಗ್ತಿರ್ಲಿಲ್ಲ ಅಲ್ವಾ."

ಅಷ್ಟರಲ್ಲಿ ಒಳಗಿನಿಂದ ಸುಮೀನಾ ಕೇಳಿದಳು, "ಎಂತ ಅಕ್ಕ, ಸಿಕ್ತಾ?"

ಅಸೀಲಾ ಜೂಡಿತಳ ಕುರ್ತಾ ಹಿಡಿದುಕೊಂಡಳು.

"ಸಿಕ್ತು. ನಾನೇ ಎಲ್ಲೋ ಇಟ್ಟು ಮರ್ತದ್ದು."

"ಇವರ ಕೈಗೆ ಅಲ್ಲಿಯವರು ಸೂಜಿ ಕೊಡ್ತಾರಲ್ಲ," ಎಂದ ಝುಬೈರ್, "ಧೈರ್ಯ ಮೆಚ್ಚಬೇಕು."

ಅಸೀಲಾ ಪಾಸ್‌ಪೋರ್ಟನ್ನು ತನ್ನ ಅಂಗಿಗೆ ಎರಡೂ ಕಡೆ ಒರೆಸಿ ಮುಂದೆ ಚಾಚಿದಳು. ಜೂಡಿತ್ ಹಿಡಿದುಕೊಂಡಳು. ಒಂದು ಮೂಲೆಯನ್ನು ಹುಡುಗಿ ಇನ್ನೂ ಬಿಟ್ಟಿರಲಿಲ್ಲ. ಜೂಡಿತ್ ಎಳೆಯಲಿಲ್ಲ; ಇಬ್ಬರೂ ಹಾಗೇ ಕುಳಿತರು, ಅವಳು ಆ ಪುಟವನ್ನು ಇನ್ನೊಮ್ಮೆ ಓದಿ ಹೇಳಿದಳು.